ಸಾಲಿನಲ್ಲಿ ನಿಲ್ಲದವರ ಲೆಕ್ಕ

ನನ್ನ ಗಂಡನ ಅಕ್ಕನನ್ನು ನಾನು ಯಾವತ್ತೂ ಇಷ್ಟಪಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಇದನ್ನೆಲ್ಲ ಓದಿ, ಅತ್ತಿಗೆಯ ಮೇಲೆ ಎಷ್ಟು ಅಭಿಮಾನ ಇವಳಿಗೆ ಎಂದು ಯಾರಾದರೂ ಅಂದುಕೊಂಡಾರು. ಅಭಿಮಾನ ಇಲ್ಲ. ಅವರು ಮನೆಗೆ ಬಂದರೆ ನನಗೆ ಕೈಕಾಲೇ ಆಡುವುದಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ನೋಡುತ್ತಾರೆ. ಬೈಯುವವರನ್ನಾದರೂ ತಡೆದುಕೊಳ್ಳಬಹುದು. ನೋಡುವವರನ್ನು ಹೇಗೆ ತಡೆದುಕೊಳ್ಳುವುದು?

ನಮ್ಮ ಪುಟ್ಟಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಹುಟ್ಟಿದಾಗಿನಿಂದ ಅವಳ ಎದೆ ಸರಿಯಿಲ್ಲ. ಗಾಳಿ ಬದಲಾದರೆ ಸಾಕು, ಉಸಿರಿನ ಜೊತೆ ಒಂದು ಸಣ್ಣ ಸಿಳ್ಳೆ ಕೇಳಿಸುತ್ತದೆ. ಆ ಸಿಳ್ಳೆ ಕೇಳಿಸಿದಾಗ ನನಗೆ ಬೇರೆ ಏನೂ ಕೇಳಿಸುವುದಿಲ್ಲ. ಕೇಳಿಸದಿದ್ದಾಗ, ಯಾಕೆ ಕೇಳಿಸುತ್ತಿಲ್ಲ ಎಂದು ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ಒಂದು ಭಾನುವಾರ ಹೀಗೆಯೇ ಥರ್ಮಾಮೀಟರ್ ಇಟ್ಟು ತೆಗೆದು ಮಾಡುತ್ತಿದ್ದಾಗ ಅತ್ತಿಗೆ ಕುರ್ಚಿಯಿಂದಲೇ ಕೇಳಿದರು:

“ಬೆಳಗಿಂದ ಎಷ್ಟು ಸಲ ನೋಡ್ದೆ ಜ್ವರ?”

“ಎಣಿಸಿಲ್ಲ ಅತ್ತಿಗೆ.”

“ನಾನು ಬಂದ್ಮೇಲೇ ನಾಲ್ಕು ಸಲ ಆಯ್ತು. ಮಗುಗೆ ಜ್ವರ ಇಲ್ಲಮ್ಮ. ಇರೋದು ನಿನಗೆ.”

ನನ್ನ ಗಂಡ ನಕ್ಕುಬಿಟ್ಟ. ಆ ನಗುವಿಗೆ ನಾನು ಅವನ ಜೊತೆ ಮರುದಿನದವರೆಗೂ ಮಾತಾಡಲಿಲ್ಲ. ಅವನಿಗೆ ಅಕ್ಕ ಎಂದರೆ ಅಮ್ಮನಿಗಿಂತ ಒಂದು ಕೈ ಹೆಚ್ಚು. ಅಪ್ಪ ತೀರಿಕೊಂಡಾಗ ಅವನಿನ್ನೂ ಶಾಲೆಯಲ್ಲಿದ್ದನಂತೆ. ಅಕ್ಕ ಕಾಲೇಜು ಬಿಟ್ಟು ನಗರದ ಆರೋಗ್ಯ ಇಲಾಖೆಗೆ ಟೈಪಿಸ್ಟ್ ಆಗಿ ಸೇರಿದರು, ಇವನನ್ನು ಓದಿಸಿದರು, ಸಂಜೆ ಕಾಲೇಜಿಗೆ ಹೋಗಿ ತಾವೂ ಓದಿಕೊಂಡರು. ನಡುವೆ ಮದುವೆಯೂ ಆಗಿತ್ತು. ಆ ಮನುಷ್ಯ ಸ್ವಲ್ಪ ಕಾಲ ಇದ್ದು, “ನಿನ್ನ ಜೊತೆ ಸಂಸಾರ ಮಾಡೋದು ಅಂದ್ರೆ ಪರೀಕ್ಷಾ ಹಾಲಲ್ಲಿ ಕೂತ ಹಾಗೆ, ತಲೆ ಎತ್ತಿದ್ರೂ ನೋಡ್ತೀಯ, ತಗ್ಗಿಸಿದ್ರೂ ನೋಡ್ತೀಯ” ಎಂದು ಹೇಳಿ ಹೋದವನು ತಿರುಗಿ ಬರಲಿಲ್ಲ. ಆ ಮನುಷ್ಯನನ್ನು ನಾನು ಕಂಡವಳಲ್ಲ. ಆದರೆ ಕಂಡಿದ್ದರೆ ಕೈ ಕುಲುಕುತ್ತಿದ್ದೆ.

ಟೈಪಿಂಗ್ ಮಾಡುತ್ತಿದ್ದವರು ಇಲಾಖೆಯ ಅಧ್ಯಯನ ವಿಭಾಗಕ್ಕೆ ಹೋದದ್ದು ಒಂದು ಕಸದ ಗಾಡಿಯ ದೆಸೆಯಿಂದ. ಹಳೆ ಊರಿನ ಒಂದು ಗಲ್ಲಿಯಲ್ಲಿ ಜನ ಕಸವನ್ನು ಗಾಡಿಗೆ ಹಾಕದೆ ರಸ್ತೆಗೇ ಸುರಿಯುತ್ತಿದ್ದರು. ದಂಡ ಹಾಕಿದರೂ ಅಷ್ಟೇ, ಗೋಡೆಗೆ ಬೋರ್ಡು ಹಾಕಿದರೂ ಅಷ್ಟೇ. ಸಾಹೇಬರುಗಳು ಜನಕ್ಕೆ ಬುದ್ಧಿ ಇಲ್ಲ ಎಂದು ಕೈ ತೊಳೆದುಕೊಂಡರು. ಅತ್ತಿಗೆ ಕೇಳಿಕೊಂಡು ಹೋಗಿ ಆ ಗಲ್ಲಿಯ ಒಂದು ಮೆಟ್ಟಿಲ ಮೇಲೆ ದಿನಗಟ್ಟಲೆ ಕೂತರು. ಯಾರನ್ನೂ ಏನೂ ಕೇಳಲಿಲ್ಲ. ಗಾಡಿ ಗಂಟೆ ಬಾರಿಸಿಕೊಂಡು ಬರುವ ಹೊತ್ತಿಗೇ ಬೀದಿ ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಬಿಂದಿಗೆ ಬಿಟ್ಟು ಕಸದ ಡಬ್ಬಿ ಹಿಡಿದು ಓಡುವ ಹೆಂಗಸು ಯಾವಳಿದ್ದಾಳೆ? ಗಾಡಿಯ ಹೊತ್ತು ಬದಲಾಯಿಸಿದರು, ಗಲ್ಲಿ ಚೊಕ್ಕಟವಾಯಿತು. ಅಂದಿನಿಂದ ಅತ್ತಿಗೆಗೆ ಒಂದೇ ಮಂತ್ರ: “ಜನರನ್ನ ಕೇಳ್ಬೇಡಿ. ಕೇಳಿದ್ರೆ ನೀವು ಖುಷಿಯಾಗೋ ಉತ್ತರ ಕೊಡ್ತಾರೆ. ನೋಡಿ.” ಇಲಾಖೆಯಲ್ಲಿ ಯಾವುದೋ ಕೆಲಸ ಕೆಟ್ಟು ಕೂತಿದೆ, ಯಾಕೆಂದು ಯಾರಿಗೂ ತಿಳಿಯುತ್ತಿಲ್ಲ ಎಂದಾಗ ಅವರನ್ನು ಕಳಿಸುತ್ತಿದ್ದರು. ಹೋದಲ್ಲೆಲ್ಲ ಜನ ಅವರನ್ನು ಸರ್ವೆ ಮೇಡಂ ಎನ್ನುತ್ತಿದ್ದರು. ಪ್ರೀತಿಯಿಂದಲ್ಲ.

ಇನ್ನು ನಮ್ಮ ಬೀದಿಯ ಆಸ್ಪತ್ರೆಯ ವಿಷಯ.

ಅದು ಇಲಾಖೆಯದೇ ಮಕ್ಕಳ ಚಿಕಿತ್ಸಾಲಯ. ಎರಡು ಕೋಣೆ, ಒಬ್ಬ ಡಾಕ್ಟರು, ಒಬ್ಬ ನರ್ಸಮ್ಮ, ಕೂಗಿ ಕರೆಯುವುದಕ್ಕೆ ಒಬ್ಬ ಆಯಾ. ಒಳಗೆ ಒಂದು ಆವಿ ಯಂತ್ರ ಇದೆ. ಅದರ ಪುಟ್ಟ ಮುಖವಾಡವನ್ನು ಪುಟ್ಟಿಯ ಮೂಗಿಗೆ ಹಿಡಿದು ಸ್ವಲ್ಪ ಹೊತ್ತು ಕೂತರೆ ಸಿಳ್ಳೆ ಇಳಿಯುತ್ತದೆ. ನಮ್ಮ ಮನೆಯಿಂದ ಮಗುವನ್ನು ಎತ್ತಿಕೊಂಡು ನಡೆದರೆ ಅವಳು ಅಳು ಶುರುಮಾಡುವ ಮೊದಲೇ ಗೇಟು ಸಿಗುತ್ತದೆ. ನಾನು ಈ ಮನೆಯನ್ನು ಬಾಡಿಗೆಗೆ ಹಿಡಿಯೋಣ ಎಂದು ಹಟ ಮಾಡಿದ್ದೇ ಆ ಗೇಟಿಗಾಗಿ.

ಆ ಗೇಟಿನ ಹೊರಗೆ, ಗೋಡೆಯ ಉದ್ದಕ್ಕೆ, ಫುಟ್‌ಪಾತಿನ ಮೇಲೆ ಸಾಲು. ಆದರೆ ಸಾಲಿನಲ್ಲಿ ನಿಲ್ಲುವುದು ನಾವಲ್ಲ, ನಮ್ಮ ಸಾಮಾನು. ಹಿಂದೊಮ್ಮೆ ಸಾಲಿನಲ್ಲೇ ಒಂದು ಮಗುವಿನಿಂದ ಇನ್ನೊಂದಕ್ಕೆ ದಡಾರ ಹರಡಿ ದೊಡ್ಡ ರಾದ್ಧಾಂತವಾಗಿತ್ತಂತೆ. ಆಗ ನರ್ಸಮ್ಮನೇ ಗದರಿದ್ದರು: “ಕೆಮ್ಮೋ ಮಕ್ಕಳನ್ನ ಒಂದರ ಮೈಗೆ ಒಂದು ತಾಗಿಸ್ಕೊಂಡು ನಿಲ್ಬೇಡಿ, ಏನಾದ್ರೂ ಇಟ್ಟು ಹೋಗಿ!” ಅದೇ ಪದ್ಧತಿಯಾಯಿತು. ಬೆಳಿಗ್ಗೆ ಬಂದು ಒಂದು ಚೀಲವನ್ನೋ ಹಳೇ ಚಪ್ಪಲಿಯನ್ನೋ ಇಟ್ಟು, ಎದುರುಗಡೆ ಮರದ ಕೆಳಗೆ, ಹೊಲಿಗೆ ಅಂಗಡಿಯ ಜಗಲಿಯಲ್ಲಿ, ಹತ್ತಿರವಿದ್ದವರು ಮನೆಯಲ್ಲೇ ಕೂತಿರುತ್ತಾರೆ. ಹೊಸಬರು, ಕೆಲವು ಅಜ್ಜಿಯರು ಮಾತ್ರ ನಿಂತೇ ಇರುತ್ತಾರೆ. ಆಯಾ ಒಂದೊಂದೇ ಸಾಮಾನಿನ ಹೆಸರು ಹಿಡಿದು ಕೂಗುತ್ತಾಳೆ: “ಹಸಿರು ಕೊಡೆ! ಮುರುಕು ಬಕೆಟ್!” ನಮ್ಮದು ಪುಟ್ಟಿಯ ಸ್ನಾನದ ಟಬ್ಬು. ಒಂದು ಸಲ ಆಯಾ ನನ್ನನ್ನು ಮಾರ್ಕೆಟ್ಟಿನಲ್ಲಿ ಕಂಡು, “ಏನ್ ಟಬ್ಬಮ್ಮ, ಮಗು ಹುಷಾರಾ?” ಎಂದಳು, ನಾನು ತಿರುಗಿ ನೋಡಿದ್ದೂ ಹೌದು.

ಇನ್ನೊಬ್ಬರ ಸಾಮಾನನ್ನು ಯಾರೂ ಜರುಗಿಸುವ ಹಾಗಿಲ್ಲ. ಜರುಗಿಸಿದರೆ ಹೊಲಿಗೆ ಅಂಗಡಿಯ ಟೈಲರಕ್ಕ ಬರುತ್ತಾಳೆ. ಅವಳ ಅವಳಿ ಗಂಡುಮಕ್ಕಳಿಗೆ ಸದಾ ಕಿವಿ ನೋವು. ಅವಳ ನಾಲಿಗೆಗೆ ನಮ್ಮ ಇಡೀ ಬೀದಿ ಹೆದರುತ್ತದೆ.

ಹೀಗಿರುವಾಗ ಒಂದು ಬೆಳಿಗ್ಗೆ ಟಬ್ಬು ಇಡಲು ಹೋದರೆ ಗೇಟಿನ ಮೇಲೆ ನೋಟೀಸು. ಬರುವ ಮಕ್ಕಳ ಸಂಖ್ಯೆ ನಿಗದಿತ ಮಿತಿಗಿಂತ ಕಡಿಮೆ ಇರುವುದು ಅಧ್ಯಯನದಿಂದ ತಿಳಿದುಬಂದಿರುವುದರಿಂದ ಈ ಚಿಕಿತ್ಸಾಲಯವನ್ನು ತಿಂಗಳ ಕೊನೆಗೆ ದೊಡ್ಡಾಸ್ಪತ್ರೆಯೊಂದಿಗೆ ವಿಲೀನ ಮಾಡಲಾಗುವುದು. ಆವಿ ಯಂತ್ರವೂ ಹೋಗುತ್ತದೆ. ದೊಡ್ಡಾಸ್ಪತ್ರೆ ನದಿಯಾಚೆ. ಸೇತುವೆಯ ಮೇಲೆ ಬಸ್ಸು ನಿಂತರೆ ನಿಂತೇ ಇರುತ್ತದೆ. ಸೇತುವೆ, ಬಸ್ಸು, ಬಸ್ಸಿನೊಳಗೆ ನಾನು, ನನ್ನ ಮಡಿಲಲ್ಲಿ ನೀಲಿಯಾಗುತ್ತಿರುವ ತುಟಿ: ಇಷ್ಟೂ ನೋಟೀಸು ಓದಿ ಮುಗಿಸುವಷ್ಟರಲ್ಲಿ ಕಣ್ಣ ಮುಂದೆ ಬಂದಿತ್ತು. ಆಮೇಲೆ ಎರಡನೇ ಸಲ ಓದಿದಾಗ ‘ಅಧ್ಯಯನ’ ಎಂಬ ಮಾತು ಕಣ್ಣಿಗೆ ಚುಚ್ಚಿತು.

ಭಾನುವಾರದವರೆಗೆ ಕಾಯುವುದಾಗಲಿಲ್ಲ. ಗಂಡನಿಂದ ಫೋನು ಮಾಡಿಸಿ ಕರೆಸಿದೆ. ಅವರು ಎಂದಿನ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದೆ:

“ನಮ್ಮ ಆಸ್ಪತ್ರೆ ಮುಚ್ಚಿಸಿದ್ದು ನೀವಾ?”

“ನಾನು ಮುಚ್ಚಿಸಿಲ್ಲ. ಎಣಿಸಿಕೊಟ್ಟೆ.”

“ಯಾವಾಗ ಬಂದಿದ್ರಿ? ಇಷ್ಟು ಹತ್ತಿರ ಬಂದು ಮನೆಗೆ ಬರ್ಲಿಲ್ವಾ?”

“ಬಂದಿದ್ರೆ ನೀನು ಬೀದಿಗೆಲ್ಲ ಹೇಳ್ತಿದ್ದೆ. ಎದುರುಗಡೆ ಜೆರಾಕ್ಸ್ ಅಂಗಡಿ ಒಳಗೆ ಕೂತಿದ್ದೆ. ಮೇಲಿಂದ ಮೇಲೆ ನೋಡಿ ಬರ್ಕೊಂಡೆ. ಸಾಲಲ್ಲಿ ಯಾವತ್ತೂ ಬೆರಳೆಣಿಕೆ ಜನ. ಅದೂ ಅರ್ಧ ಮುದುಕಿಯರು.”

“ಆಸ್ಪತ್ರೆ ಪುಸ್ತಕದಲ್ಲಿ ಎಲ್ಲಾ ಮಕ್ಕಳ ಹೆಸರೂ ಇರುತ್ತಲ್ಲ!”

“ಆ ಪುಸ್ತಕ ನೆಚ್ಕೊಂಡೇ ಇಲಾಖೆ ಕೆಟ್ಟಿದ್ದು. ಹೆಚ್ಚು ಔಷಧಿ ಬರ್ಲಿ ಅಂತ ಎಲ್ಲಾ ಕಡೆ ಇಲ್ಲದ ಮಕ್ಕಳ ಹೆಸರು ಬರೀತಾರೆ. ಅದಕ್ಕೇ ಕಣ್ಣಲ್ಲಿ ನೋಡಿ ಎಣಿಸಿ ಅಂದ್ರು.”

“ಮತ್ತೆ ಗೋಡೆ ಪಕ್ಕ ಸಾಲಾಗಿ ಚೀಲ, ಬಕೆಟ್ಟು ಇತ್ತಲ್ಲ, ಅದು ಕಣ್ಣಿಗೆ ಬೀಳ್ಲಿಲ್ವಾ?”

“ಬಿತ್ತು. ನಿಂತವರು ಕೈ ನೋವು ಅಂತ ಕೆಳಗಿಟ್ಕೊಂಡಿದಾರೆ ಅಂದ್ಕೊಂಡೆ.”

ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಒಬ್ಬ ಮುದುಕಿ ಕೈಯಲ್ಲಿ ಕೊಡೆ, ಟಬ್ಬು, ಬಕೆಟ್ಟು, ಎರಡು ಜೊತೆ ಚಪ್ಪಲಿ ಎಲ್ಲಾ ಹಿಡಿದು ಬಂದು ಕೆಳಗಿಟ್ಟಳೆಂದು ಇವರು ನಂಬಿದ್ದರು! “ಅತ್ತಿಗೆ, ಆ ಒಂದೊಂದೂ ಒಂದೊಂದು ಮಗು” ಎಂದೆ. ದಡಾರದ ಕಥೆಯಿಂದ ಶುರುಮಾಡಿ ಎಲ್ಲಾ ಹೇಳಿದೆ. ಅವರ ಮುಖದ ಬಣ್ಣ ಇಳಿಯುತ್ತಾ ಹೋಯಿತು.

“ಇದನ್ನ ಯಾರೂ ಹೇಳ್ಲೇ ಇಲ್ವಲ್ಲ” ಎಂದರು ಕೊನೆಗೆ.

“ನೀವು ಯಾರನ್ನ ಕೇಳಿದ್ರಿ?”

ನನ್ನ ಗಂಡ ನನ್ನ ತೋಳು ಹಿಡಿದ. ನಾನು ಕೊಡವಿಕೊಂಡೆ. “ಈಗ್ಲೇ ನಿಮ್ಮ ಸಾಹೇಬ್ರಿಗೆ ಫೋನ್ ಮಾಡಿ, ತಪ್ಪಾಗಿದೆ ಅಂತ ಹೇಳಿ.”

“ಏನಂತ ಹೇಳ್ಲಿ? ನನ್ನ ತಮ್ಮನ ಹೆಂಡತಿ ಹೀಗಂದ್ಲು ಅಂತಾನಾ?”

“ನಾನು ಸುಳ್ಳು ಹೇಳ್ತಿದ್ದೀನಾ?”

“ನಿಜಾನೇ ಇರ್ಬಹುದು. ಇರ್ಬಹುದು ಅನ್ನೋದನ್ನ ಬರೆಯೋಕಾಗಲ್ಲ. ಮತ್ತೆ ಎಣಿಸ್ಬೇಕು.”

ತಿಂಗಳು ಮುಗಿಯುತ್ತಾ ಬಂದಿತ್ತು. ಮನೆಗೆ ಬೆಂಕಿ ಬಿದ್ದಾಗ ಉಷ್ಣಾಂಶ ಎಷ್ಟು ಎಂದು ಅಳೆಯುವ ಹೆಂಗಸು ಎಂದು ಗಂಡನ ಮುಂದೆ ಕೂಗಾಡಿದೆ. ಅತ್ತಿಗೆಗೆ ಕೇಳಿಸಲಿ ಎಂದೇ ಕೂಗಿದ್ದು.

ಅವರು ರಜೆ ಹಾಕಿ, ಒಂದು ಪೆಟ್ಟಿಗೆ ಬಟ್ಟೆ ತಂದು ನಮ್ಮ ಹಜಾರದಲ್ಲೇ ಠಿಕಾಣಿ ಹೂಡಿದರು. ಆಸ್ಪತ್ರೆಗೆ ಹತ್ತಿರ ಅಂತೆ. ನನ್ನನ್ನು ಕೇಳಿದವರು ಯಾರು? ಅಡುಗೆಮನೆಗೆ ಹೋಗುವಾಗ ಅವರ ಕಣ್ಣು, ಬರುವಾಗ ಅವರ ಕಣ್ಣು. ಮಗುವಿನ ಬಾಟಲಿಯನ್ನು ಮತ್ತೆ ಮತ್ತೆ ಕುದಿಸಿದರೆ, “ಆಗ್ಲೇ ಸತ್ತ ಕ್ರಿಮಿಗಳನ್ನ ಇನ್ನೆಷ್ಟು ಸಲ ಸಾಯಿಸ್ತೀಯ?” ಎಂಬ ಮಾತು.

ಮೊದಲ ದಿನ ಅವರು ಸೀದಾ ಹೋಗಿ ಫುಟ್‌ಪಾತಿನ ಮೇಲೆಯೇ ಸ್ಟೂಲು ಹಾಕಿಕೊಂಡು ಕೂತರು. ಆದರೆ ಆಸ್ಪತ್ರೆ ಉಳಿಸುವುದಕ್ಕೆ ಸಾಮಾನು ಎಣಿಸುತ್ತಾರಂತೆ ಎಂಬ ಸುದ್ದಿ ಟೈಲರಕ್ಕನ ಅಂಗಡಿಯಿಂದ ಹೊರಟು ಹಿಂದಿನ ಸಂಜೆಯೇ ಬೀದಿ ದಾಟಿತ್ತು. ನಾನು ಟಬ್ಬು ಹಿಡಿದುಕೊಂಡು ಹೋದಾಗ ಸಾಲು ಗೋಡೆ ಮುಗಿದು, ಮೂಲೆ ತಿರುಗಿ, ಹಿಟ್ಟಿನ ಗಿರಣಿಯ ಬಾಗಿಲವರೆಗೂ ಹೋಗಿತ್ತು. ಚೀಲ, ಬುಟ್ಟಿಗಳು ಸರಿ. ದಿಂಬು, ಗೋಡೆ ಗಡಿಯಾರ, ಇಸ್ತ್ರಿ ಪೆಟ್ಟಿಗೆ, ಟೈಲರಕ್ಕನ ಅಂಗಡಿಯ ತಲೆಯಿಲ್ಲದ ಗೊಂಬೆ, ಅದಕ್ಕೊಂದು ಅಂಗಿ ಬೇರೆ! ನನಗೆ ಒಳಗೊಳಗೇ ಸಂತೋಷವಾಯಿತು. ಬರೆದುಕೊಳ್ಳಲಿ, ಎಷ್ಟು ಬರೆದುಕೊಳ್ಳುತ್ತಾರೋ ಬರೆದುಕೊಳ್ಳಲಿ.

ಅತ್ತಿಗೆ ಎದ್ದು ಸಾಲಿನ ಉದ್ದಕ್ಕೂ ನಡೆದರು. ಗಡಿಯಾರದ ಹತ್ತಿರ ನಿಂತರು.

“ಇದು ಯಾರದು?”

“ನಮ್ಮ ಮಗೂದು” ಎಂದಿತು ಜಗಲಿಯಿಂದ ಒಂದು ಧ್ವನಿ.

“ಮಗು ಎಲ್ಲಿ?”

“ಮನೇಲಿದೆ.”

“ಈ ದಿಂಬು?”

“ಅದೂ ನಮ್ದೇ. ಎರಡನೇ ಮಗೂದು.”

“ನಿಮಗೆ ಎರಡನೇ ಮಗು ಇದೆಯಾ?”

“ಆಗ್ಬಹುದು ಮೇಡಂ, ಇಲಾಖೆ ಬೇಡ ಅನ್ನುತ್ತಾ?”

ಜಗಲಿಯೆಲ್ಲ ಘೊಳ್ಳೆಂದಿತು. ಅತ್ತಿಗೆ ನಗಲಿಲ್ಲ. ಅಲ್ಲಿಯವರೆಗೆ ಬರೆದಿದ್ದ ಹಾಳೆಯನ್ನು ಎಲ್ಲರಿಗೂ ಕಾಣುವ ಹಾಗೆ ಹರಿದರು.

“ಇವತ್ತಿನ ಲೆಕ್ಕ ಕೆಟ್ಟೋಯ್ತು. ನಿಮ್ಮ ಗೊಂಬೆ ಸಮೇತ ಎಣಿಸಿ ಕೊಟ್ರೆ ನಾಳೆ ಯಾರಾದ್ರೂ ಒಬ್ಬರು ಬಂದು ನೋಡ್ತಾರೆ. ನೋಡಿದ ದಿನವೇ ಬೀಗ ಹಾಕ್ತಾರೆ.”

ಟೈಲರಕ್ಕ ಕತ್ತರಿ ಕೈಯಲ್ಲೇ ಹಿಡಿದು ಬೀದಿಗಿಳಿದಳು. “ಏನಮ್ಮಾ, ಕಡಿಮೆ ಎಣಿಸೋಕೆ ಬರುತ್ತೆ, ಹೆಚ್ಚು ಎಣಿಸೋಕೆ ಬರಲ್ವಾ? ಕಳ್ಳತನದಲ್ಲಿ ಅಂಗಡಿ ಒಳಗೆ ಕೂತು ನಮ್ಮ ಮಕ್ಕಳ ಕತ್ತು ಕೊಯ್ದೋಳು ನೀನು. ಈಗ ನ್ಯಾಯ ಹೇಳೋಕೆ ಬಂದಿದ್ದೀಯಾ? ಹೆತ್ತಿದ್ರೆ ಗೊತ್ತಾಗ್ತಿತ್ತು!”

ಆ ಕೊನೆಯ ಮಾತು ನನ್ನ ಬಾಯಲ್ಲೂ ಎಷ್ಟೋ ಸಲ ಬಂದು ನಿಂತಿದ್ದೇ. ಅತ್ತಿಗೆ ಅದನ್ನು ಕೇಳಿಸಿಕೊಂಡರು. ಸ್ಟೂಲು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಹಿಂದಿನಿಂದ ಯಾರೋ ಗೊಂಬೆಯ ತೋಳನ್ನು ಹಿಡಿದು ಟಾಟಾ ಮಾಡಿಸಿದರು.

ಮರುದಿನದಿಂದ ಅವರು ಸಾಲನ್ನು ನೋಡಲೇ ಇಲ್ಲ. ಆಸ್ಪತ್ರೆಯ ಒಳಗೆ, ಡಾಕ್ಟರ ಕೋಣೆಯ ಬಾಗಿಲಲ್ಲಿ ಕೂತರು. ಒಳಗೆ ಹೋಗುವ ಮಗುವನ್ನೇ ನೋಡಿ ಬರೆಯುವುದು. ತಲೆಯಿಲ್ಲದ ಗೊಂಬೆಯನ್ನು ಡಾಕ್ಟರ ಮುಂದೆ ಕೂರಿಸಿ ಕೆಮ್ಮಿಸುವುದಕ್ಕೆ ಯಾರಿಗೂ ಆಗುವುದಿಲ್ಲವಲ್ಲ. ಮತ್ತು, ಇದು ನನಗೆ ಆಶ್ಚರ್ಯ, ಅವರು ಕೇಳಲು ಶುರುಮಾಡಿದರು. ಎಲ್ಲಿಂದ ಬಂದಿರಿ, ಇದು ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತೀರಿ. ಹೊಸ ಕೆಲಸಕ್ಕೆ ಸೇರಿದವರ ಹಾಗೆ ಒರಟಾಗಿ, ಬಾಯಿಪಾಠ ಒಪ್ಪಿಸಿದಂತೆ ಕೇಳುತ್ತಿದ್ದರು. ತಾಯಂದಿರು ಮುಖ ಗಂಟುಹಾಕಿಕೊಂಡು ಒಂದು ಮಾತಿನಲ್ಲಿ ಉತ್ತರಿಸುತ್ತಿದ್ದರು. ನಮ್ಮ ಪುಸ್ತಕ ಸುಳ್ಳು ಅಂದವಳು ಎಂದು ನರ್ಸಮ್ಮ ಅವರ ಕುರ್ಚಿಯನ್ನು ದಿನಾ ಫಿನಾಯಿಲ್ ಡಬ್ಬಿಯ ಪಕ್ಕಕ್ಕೆ ಸರಿಸಿಡುತ್ತಿದ್ದರು. ಅವರು ದಿನಾ ಫಿನಾಯಿಲ್ ವಾಸನೆ ಹೊತ್ತು ಮನೆಗೆ ಬರುತ್ತಿದ್ದರು. ಪುಟ್ಟಿಯ ಎದೆಗೆ ಆಗುವುದಿಲ್ಲ ಎಂದು ನಾನು ಬಾಗಿಲಲ್ಲೇ ತಡೆದು ಬಟ್ಟೆ ಬದಲಾಯಿಸಿ ಬನ್ನಿ ಎನ್ನುತ್ತಿದ್ದೆ. ಅದೊಂದನ್ನು ಮಾತ್ರ ಅವರು ಎದುರಾಡದೆ ಮಾಡುತ್ತಿದ್ದರು.

ಒಂದು ಸಂಜೆ ಅವರ ಆಫೀಸಿನಿಂದ ಫೋನು ಬಂತು. ಆ ಕಡೆಯವರ ಮಾತು ಹಜಾರಕ್ಕೆಲ್ಲ ಕೇಳಿಸುವಷ್ಟು ಜೋರಾಗಿತ್ತು: ರಜೆ ಹಾಕಿ ಇಲಾಖೆಯ ವಿರುದ್ಧವೇ ಲೆಕ್ಕ ಮಾಡ್ತೀರಾ, ನಿಮ್ಮ ಮನೆಯವರ ಆಸ್ಪತ್ರೆ ಅಂತಾನಾ, ಸುಮ್ಮನೆ ಬಿಟ್ಟುಬಿಡಿ ಮೇಡಂ. ಅತ್ತಿಗೆ, “ಎಣಿಸಿ ಆದ್ಮೇಲೆ ಬಿಡ್ತೀನಿ” ಎಂದು ಫೋನಿಟ್ಟರು. ನಾನು ಬಟ್ಟೆ ಮಡಚುವ ನೆಪದಲ್ಲಿ ಅಲ್ಲೇ ಇದ್ದೆ.

“ಅತ್ತಿಗೆ, ಸಂಖ್ಯೆ ಸಾಕಾಗುತ್ತಾ?”

“ಮುಗಿಯೋವರೆಗೂ ಹೇಳಲ್ಲ.”

“ನನ್ನ ಹತ್ರಾನೂ ಹೇಳಲ್ವಾ?”

“ನಿನ್ನ ಹತ್ರ ಹೇಳಿದ್ರೆ ಟೈಲರ್ ಹತ್ರ ಹೇಳಿದ ಹಾಗೆ.”

“ಪುಟ್ಟಿಗೆ ಯಾವಾಗ್ಲೂ ಮಧ್ಯಾಹ್ನ ಮೇಲೇ ಉಸಿರು ಕಟ್ಟೋದು. ಅದನ್ನ ನೆನಪಿಟ್ಕೊಳ್ಳಿ” ಎಂದೆ. ಅವರು ನನ್ನನ್ನೇ ನೋಡಿದರು.

ಬೀಗ ಹಾಕುವುದಕ್ಕೆ ಎರಡು ದಿನ ಇರುವಾಗ, ಅತ್ತಿಗೆ ಕೊಟ್ಟ ಹೊಸ ವರದಿಯ ಮೇಲೆ ಇಲಾಖೆಯಲ್ಲಿ ಸಭೆ. ಬೀದಿಯ ಪರವಾಗಿ ಟೈಲರಕ್ಕ, ನಾನು, ನನ್ನ ಹೆಗಲ ಮೇಲೆ ಪುಟ್ಟಿ. ಉದ್ದನೆಯ ಮೇಜು, ಅದರ ತುದಿಯಲ್ಲಿ ನಿರ್ದೇಶಕರು, ಅವರ ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು. ಫ್ಯಾನಿನ ಗಾಳಿ ಮಗುವಿಗೆ ನೇರವಾಗಿ ಬೀಳುತ್ತಿತ್ತು. ನಾನು ಅರ್ಧ ಸಭೆ ಶಾಲು ಸರಿಮಾಡುವುದರಲ್ಲೇ ಕಳೆದೆ. ಅತ್ತಿಗೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಅವರ ವಿಭಾಗದವರು ಯಾರೂ ಅವರ ಪಕ್ಕಕ್ಕೆ ಸುಳಿಯಲಿಲ್ಲ.

“ಮೊದಲನೇ ವರದಿ ಬರೆದವರು ಯಾರು ಮೇಡಂ?” ಎಂದರು ನಿರ್ದೇಶಕರು.

“ನಾನೇ.”

“ಇದನ್ನ?”

“ನಾನೇ.”

“ಹಾಗಾದ್ರೆ ನಾವು ಯಾವ ಮೇಡಂನ ನಂಬ್ಬೇಕು?”

ಮೇಜಿನ ಸುತ್ತ ನಕ್ಕರು. ಅತ್ತಿಗೆ ನಗು ನಿಲ್ಲುವವರೆಗೆ ಕಾದರು. “ಎರಡನೇ ಮೇಡಂನ. ಮೊದಲನೇ ಸಲ ನಾನು ನಿಂತವರನ್ನ ಎಣಿಸಿದೆ. ಅಲ್ಲಿ ತಾಯಂದಿರು ನಿಲ್ಲಲ್ಲ, ಸಾಮಾನು ಇಟ್ಟು ನೆರಳಲ್ಲಿ ಕೂರ್ತಾರೆ. ನೋಡಿದೆ, ಕೇಳ್ಲಿಲ್ಲ. ತಪ್ಪು ನಂದು. ಬೆಳಗಿನ ಹೊತ್ತು ಬರೋ ಮಕ್ಕಳು ನಿಮ್ಮ ಮಿತಿಗಿಂತ ಬಹಳ ಜಾಸ್ತಿ.”

ಟೈಲರಕ್ಕ ನನ್ನ ತೊಡೆ ಚಿವುಟಿದಳು. ಅತ್ತಿಗೆ ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸಲಿಲ್ಲ.

“ಉಳಿದ ಚಿಕಿತ್ಸಾಲಯಗಳನ್ನೂ ಇದೇ ರೀತಿ ಎಣಿಸಿದ್ದು. ಎಲ್ಲಾ ಕಡೆ ಮತ್ತೆ ನೋಡ್ಬೇಕು. ಈಗಾಗ್ಲೇ ಮುಚ್ಚಿದ್ದೂ ಸೇರಿ.”

ಈಗ ಯಾರೂ ನಗಲಿಲ್ಲ. ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಒಂದು ಆಸ್ಪತ್ರೆ ವಿಷಯ ಮಾತಾಡೋಕೆ ಬಂದಿದ್ದೀರಿ. ಅಷ್ಟೇ ಮಾತಾಡಿ. ಬೆಳಿಗ್ಗೆ ಆಯ್ತು. ಮಧ್ಯಾಹ್ನ?”

ಅತ್ತಿಗೆ ಹಾಳೆಯನ್ನು ನೋಡಲಿಲ್ಲ. ನನ್ನ ಕಡೆ ನೋಡಿದರು. ನಾನು ಪುಟ್ಟಿಯನ್ನು ಹೆಗಲಿಂದ ಇಳಿಸಿ ಮುಂದೆ ಹಿಡಿದುಕೊಂಡೆ, ಕಾಣಲಿ ಎಂದು.

“ಮಧ್ಯಾಹ್ನ ಕಡಿಮೆ” ಎಂದರು. “ಮಿತಿಗಿಂತ ಕಡಿಮೆ.”

“ಹಾಗಿದ್ರೆ ಬೆಳಿಗ್ಗೆ ತೆರೆದಿರ್ಲಿ, ಮಧ್ಯಾಹ್ನ ಮುಚ್ಚಿ” ಎಂದು ನಿರ್ದೇಶಕರು ಕನ್ನಡಕ ಹಾಕಿಕೊಂಡರು.

“ಕಡಿಮೆ ಯಾಕೆ ಅಂತ ನೋಡ್ಬೇಕು ಸಾರ್. ಮಧ್ಯಾಹ್ನ ಡಾಕ್ಟರನ್ನ ನೀವೇ ಪದೇ ಪದೇ ಮೀಟಿಂಗಿಗೆ ಕರೀತೀರಿ. ಬಂದು ಬಂದು ವಾಪಸ್ ಹೋಗಿ ಜನ ಬರೋದೇ ಬಿಟ್ಟಿರ್ಬಹುದು.”

“ಇರ್ಬಹುದು ಅನ್ನೋದನ್ನ ನೀವು ಬರೆದಿದ್ದೀರಾ?”

“ಇಲ್ಲ.”

“ಮತ್ತೆ?”

ಮತ್ತೆ ಏನೂ ಇಲ್ಲ. ಸಭೆ ಮುಗಿಯಿತು.

ಹೊರಗೆ ಮೆಟ್ಟಿಲ ಮೇಲೆ ಟೈಲರಕ್ಕ ಕೈ ಮುಗಿದಳು. “ಅರ್ಧ ಆಸ್ಪತ್ರೆ ಉಳಿಸ್ಕೊಟ್ಟ ತಾಯಿ, ನಮ್ಮ ಮಕ್ಕಳ ಕಿವಿ ನೋವಿಗೆ ಇನ್ಮೇಲೆ ಬೆಳಿಗ್ಗೆ ಮಾತ್ರ ಬಾ ಅಂತ ಹೇಳ್ತೀನಿ.” ಬಸ್ಸಿನಲ್ಲಿ ನಾನು ಅತ್ತಿಗೆಯ ಪಕ್ಕ ಕೂರಲಿಲ್ಲ. ಮನೆಗೆ ಬಂದ ಮೇಲೆ ಮಾತ್ರ ತಡೆಯಲಾಗಲಿಲ್ಲ.

“ಒಂದು ಮಾತು, ಅತ್ತಿಗೆ. ಮಧ್ಯಾಹ್ನಾನೂ ಸಾಕಷ್ಟು ಬರ್ತಾರೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಯಾರು ಬಂದು ನೋಡ್ತಿದ್ರು?”

“ಯಾರೂ ನೋಡ್ತಿರ್ಲಿಲ್ಲ.”

“ಮತ್ತೆ?”

“ಬೆಳಗಿನ ಲೆಕ್ಕಾನೂ ಸುಳ್ಳಾಗ್ತಿತ್ತು.”

“ನಿಮ್ಮ ಕಣ್ಣ ಮುಂದೆ ನಿಮ್ಮ ತಮ್ಮನ ಮಗು ಉಸಿರಿಗೆ ಒದ್ದಾಡಿದ್ರೆ?”

ಅವರು ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದರು. “ಅದೂ ಸುಳ್ಳಲ್ಲ” ಎಂದರು. ಧ್ವನಿ ಸ್ವಲ್ಪ ಒಡೆಯಿತು. ನನಗೆ ಕನಿಕರ ಬರಲಿಲ್ಲ. ಬಂದಿದ್ದರೆ ಬರೆಯುತ್ತಿದ್ದೆ.

ಕೆಲವೇ ದಿನಗಳಲ್ಲಿ ಅವರನ್ನು ಅಧ್ಯಯನ ವಿಭಾಗದಿಂದ ತೆಗೆದು ಇಲಾಖೆಯ ವಾಹನ ಶೆಡ್ಡಿಗೆ ಹಾಕಿದರು. ಬೆಳಗಿನ ಪಾಳಿ, ಚಾಲಕರ ಹಾಜರಿ ನೋಡಿಕೊಳ್ಳುವ ಕೆಲಸ. ನನ್ನ ಗಂಡ ಈ ಸುದ್ದಿ ಹೇಳಿ ಊಟ ಬಿಟ್ಟು ಎದ್ದ. ನಾನು ಬಡಿಸಿದ್ದನ್ನು ಮುಚ್ಚಿಟ್ಟೆ. ಚಾಲಕರ ಪಾಡೇನೋ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅದಾದ ಮೇಲೆ ಒಂದು ಮಧ್ಯಾಹ್ನ. ಗಂಡ ಕೆಲಸಕ್ಕೆ ಹೋಗಿದ್ದ. ಪುಟ್ಟಿ ನಿದ್ದೆಯಿಂದ ಎದ್ದವಳೇ ಅಳಲಿಲ್ಲ, ಅಳಲು ಉಸಿರಿರಲಿಲ್ಲ. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಅವಳನ್ನು ಎತ್ತಿಕೊಂಡು ಓಡಿದೆ. ಟ್ಯಾಕ್ಸಿ ಸಿಗುವುದು ಆಸ್ಪತ್ರೆಯ ಗೇಟು ದಾಟಿ ಮುಂದಿನ ತಿರುವಿನಲ್ಲಿ. ಗೇಟಿಗೆ ಬೀಗ. ಎದುರಿನ ಮರದ ಕೆಳಗೆ ಕಲ್ಲು ಕಟ್ಟೆಯ ಮೇಲೆ ಅತ್ತಿಗೆ ಕೂತಿದ್ದರು, ಮೊಣಕಾಲ ಮೇಲೆ ಒಂದು ಹಾಳೆ.

ಶೆಡ್ಡಿನ ಪಾಳಿ ಮುಗಿಸಿ ದಿನಾ ಬರುತ್ತಿದ್ದರಂತೆ. ಮಧ್ಯಾಹ್ನ ಬಂದು ಬೀಗ ನೋಡಿ ತಿರುಗಿ ಹೋಗುವವರನ್ನು ಎಣಿಸುವುದಕ್ಕೆ. ಕಾಲು ಗಳಿಗೆ ದೂರದ ಮನೆಗೆ ಒಂದು ಮಾತು ಹೇಳಿರಲಿಲ್ಲ.

“ಬರ್ಕೊಂಡ್ರಾ ನನ್ನನ್ನೂ?” ಎಂದು ಕಿರುಚಿದೆ.

“ಇಲ್ಲ. ನೀನು ಟ್ಯಾಕ್ಸಿಗೆ ಹೊರಟೋಳು. ಗೇಟಿಗೆ ಬಂದವರು ಮಾತ್ರ.” ಅಷ್ಟರಲ್ಲಿ ಎದ್ದು ಹತ್ತಿರ ಬಂದಿದ್ದರು. ಮಗುವಿನ ಎದೆ ನೋಡಿದರು.

ನನ್ನ ಸಿಟ್ಟು ನೆತ್ತಿಗೇರಿತು. ಮಗುವನ್ನು ಎತ್ತಿಕೊಂಡೇ ಗೇಟಿಗೆ ಹೋಗಿ ಬೀಗ ಹಿಡಿದು ಗಡಗಡ ಅಲ್ಲಾಡಿಸಿದೆ. “ಬಂದೆ! ಈಗ ಬರ್ಕೊಳ್ಳಿ!”

“ಆಗಲ್ಲ. ನಾನು ನೋಡ್ತಿದ್ದೀನಿ ಅಂತ ಗೊತ್ತಿದ್ದು ಮಾಡ್ದೆ ನೀನು.” ಹೀಗೆನ್ನುತ್ತಲೇ ಅವರು ರಸ್ತೆಯ ನಡುವೆಯೇ ಹೋಗಿ ನಿಂತು ಎರಡೂ ಕೈ ಚಾಚಿದ್ದರು, ಒಂದು ಟ್ಯಾಕ್ಸಿ ಅವರ ಸೊಂಟಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಚಾಲಕ ಬೈದ. ಇವರು ಅದಕ್ಕಿಂತ ಜೋರಾಗಿ ಬೈದು, ಬಾಗಿಲು ತೆರೆದು, ನನ್ನನ್ನು ತಳ್ಳಿ, ತಾವೂ ಹತ್ತಿದರು. ಪುಟ್ಟಿಯನ್ನು ನನ್ನಿಂದ ಕಿತ್ತುಕೊಂಡು ತಮ್ಮ ಎದೆಗೆ ನೆಟ್ಟಗೆ ಕೂರಿಸಿಕೊಂಡರು.

“ಮಲಗಿಸ್ಬೇಡ. ನೆಟ್ಟಗಿರ್ಲಿ. ಆಸ್ಪತ್ರೇಲಿ ದಿನಾ ನೋಡಿದ್ದೀನಿ.”

ಟ್ಯಾಕ್ಸಿ ಹೊರಟಾಗ ನಾನು ಹಿಂದಿನ ಗಾಜಿನಿಂದ ನೋಡಿದೆ. ಮಗುವನ್ನು ಹೆಗಲಿಗೆ ಹಾಕಿಕೊಂಡ ಒಬ್ಬಳು ಹೆಂಗಸು ಗೇಟಿನ ಹತ್ತಿರ ಬಂದು ಅದನ್ನು ತಳ್ಳುತ್ತಿದ್ದಳು. ನಮ್ಮ ಬೀದಿಯವಳಲ್ಲ, ನನಗೆ ಗುರುತಿಲ್ಲ.

“ಒಬ್ಬಳು ಬಂದ್ಲು” ಎಂದೆ. “ಬರ್ಕೊಳ್ಳಿ.”

“ತಳ್ಳಿದ್ಲಾ, ಬರೀ ನಿಂತು ಹೋದ್ಲಾ?”

“ತಳ್ಳಿದ್ಲು. ಈಗ ವಾಪಸ್ ಹೋಗ್ತಿದ್ದಾಳೆ.”

“ಖಂಡಿತ ನೋಡಿದ್ಯಾ?”

“ನೋಡ್ದೆ ಅಂದ್ನಲ್ಲ!”

ಅವರ ಎರಡು ಕೈಯಲ್ಲೂ ಮಗು ಇತ್ತು. ಹಾಳೆ, ಪೆನ್ನು ಸೀಟಿನ ಮೇಲೆ ಬಿದ್ದಿದ್ದವು. “ನೀನೇ ಬರಿ” ಎಂದರು. “ನೋಡಿದ್ದು ನಾನಲ್ಲ, ನೀನು ಅಂತಾನೂ ಬರಿ.”

ಬರೆದೆ. ಅಕ್ಷರ ಸೊಟ್ಟ ಎಂದರು. ಟ್ಯಾಕ್ಸಿ ಕುಲುಕುತ್ತಿದೆ ಎಂದೆ. ಸೇತುವೆ ಎದುರಾಯಿತು, ಅದರ ತುಂಬ ಗಾಡಿಗಳು. ಪುಟ್ಟಿಯ ಸಿಳ್ಳೆ ಇನ್ನೂ ಇಳಿದಿರಲಿಲ್ಲ. ಹಾರನ್ ಬಾರಿಸಯ್ಯಾ ಎಂದು ಚಾಲಕನ ಬೆನ್ನಿಗೆ ಇಬ್ಬರೂ ಒಟ್ಟಿಗೇ ಕೂಗಿದೆವು.